ಒಂದೇ ಕೀಲಿಯ ಬೀಗ

ಮಂಗಳೂರು, ಗುರುವಾರ

ಅಣ್ಣಾ,

ಫೋನಿನಲ್ಲಿ ಹೇಳಿದರೆ ಮಿಲ್ಲಿಗೆಲ್ಲ ಸಾರಿ ನಗುತ್ತೀ, ಅದಕ್ಕೇ ಈ ಕಾರ್ಡು. ಇಲ್ಲಿನ ಎಲೆಕ್ಟ್ರಿಕಲ್ ತರಬೇತಿಯಲ್ಲಿ ಮೊದಲ ಪಾಠ ತಂತಿಯದಲ್ಲ, ಬೀಗದ್ದು! ಮೋಟಾರಿಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಆರಿಸಿ, ಪ್ರತಿಯೊಬ್ಬರೂ ಅದಕ್ಕೆ ತಮ್ಮ ಹೆಸರಿನ ಬೀಗ ಹಾಕಬೇಕು. ಒಂದು ಬೀಗಕ್ಕೆ ಒಂದೇ ಕೀಲಿ, ಹಾಕಿದವರೇ ತೆಗೆಯಬೇಕು. ನಿನ್ನೆ ನಾನು ಬೀಗದ ನೆನಪೇ ಇಲ್ಲದೆ, ಕೀಲಿ ಜೇಬಿನಲ್ಲಿಟ್ಟುಕೊಂಡು ತೊಕ್ಕೊಟ್ಟಿಗೆ ಮೀನೂಟಕ್ಕೆ ಹೋದೆ. ಬಂಗುಡೆ ಬಲು ರುಚಿ. ಮರಳಿ ಬಂದರೆ ಮೋಟಾರು ನಿಂತೇ ಇದೆ, ಹದಿನೆಂಟು ಜನ ಬೆವರು ಸುರಿಸುತ್ತ ನನ್ನ ದಾರಿ ಕಾಯುತ್ತಿದ್ದಾರೆ!

"ಬೀಗ ಒಡೆಯಬಹುದಿತ್ತಲ್ಲ ಮೇಡಂ?" ಎಂದೆ.

ಪಾಠ ಹೇಳುವ ರಾಜೀವಿ ಮೇಡಂ ನಕ್ಕರು. "ಎಂತ ಮಾರಾಯ್ರೆ, ನಿಮ್ಮನ್ನು ಕಣ್ಣಾರೆ ನೋಡದೆ ನೀವು ಮೋಟಾರಿನ ಹತ್ರ ಇಲ್ಲಾಂತ ಹೇಗೆ ಹೇಳುವುದು? ಈಗ ಎಲ್ಲರಿಗೂ ಗೋಳಿಬಜೆ ಕೊಡಿಸಿ."

ಸೆಕೆಗೆ ಬೆನ್ನೆಲ್ಲ ಬೆವರುಸಾಲೆ, ಉಳಿದಂತೆ ಆರಾಮ. ನಿನಗೂ ಒಂದು ಕೆಂಪು ಬೀಗ ಕೊಂಡಿದ್ದೇನೆ. ಮಿಲ್ಲಿನ ಮೋಟಾರು ರಿಪೇರಿಯಲ್ಲಿ ನೀನು ಎಡಗೈ ಸುಟ್ಟುಕೊಂಡ ದಿನ, ನೋಡದೆ ಸ್ವಿಚ್ ಹಾಕಿದವನು ನಾನೇ ಅಲ್ಲವೆ? ಇದರ ಕೀಲಿಯನ್ನು ನನ್ನ ಕೈಗೂ ಕೊಡಬೇಡ.

ಬಸ್ಸು ಬಂತು.

ನಿನ್ನ ತಮ್ಮ ಗವಿಸಿದ್ದ