ನಕ್ಷೆಯಲ್ಲಿ ತೂತಾದ ಕಾಡು

ಕ್ಲುಜ್
ಗುರುವಾರ, ಅಕ್ಟೋಬರ್ 9

ಪ್ರಿಯ ಗವ್ರಿಲ್,

ನಾವು ಬೇರೆಯಾಗಿ ನಾಲ್ಕು ವರ್ಷವಾದರೂ ನಿನ್ನ ಹೆಸರಿಗೆ 'ಪ್ರಿಯ' ಎಂದು ಸೇರಿಸಲು ಕೈ ತಡೆಯಲಿಲ್ಲ. ಸಿಟ್ಟು ಬಂದರೆ ಆ ಪದವನ್ನು ಹೊಡೆದುಹಾಕಿ ಮುಂದೆ ಓದು.

ನಿನ್ನ ಅಕ್ಕ ಫೋನು ಮಾಡಿದ್ದಳು. ಅವಳ ಬಾಯಲ್ಲಿ ನೀನಿನ್ನೂ ನನ್ನ ಗಂಡನೇ. "ನಿನ್ನ ಗಂಡ ಮೂರು ದಿನದಿಂದ ಸುತ್ತಿಗೆ ಹಿಡ್ಕೊಂಡು ಉತ್ತರದ ಇಳಿಜಾರಲ್ಲಿ ಬೀಚ್ ಮರಗಳಿಗೆ ಮುದ್ರೆ ಹೊಡೀತಿದಾನೆ. ಮನೆಗೆ ಬಂದ್ರೆ ಜೋಳದ ಹಿಟ್ಟಿನ ಮಮಲಿಗಾನೂ ಮುಟ್ಟಲ್ಲ. ಈಗ ಖುಷಿನಾ ನಿಂಗೆ?" ಎಂದಳು. ಕಡಿಯಬೇಕಾದ ಮರಕ್ಕೆ ಅರಣ್ಯ ರಕ್ಷಕನೇ ಮುದ್ರೆ ಒತ್ತಬೇಕೆಂಬ ನಿಯಮ ನನಗೆ ಗೊತ್ತಿತ್ತು. ಆ ರಕ್ಷಕ ನೀನೇ ಎಂಬುದನ್ನು ಮಾತ್ರ ಕಾಡಿನ ನಕ್ಷೆ ಮಾಡುವಾಗ ಮರೆತೆ.

ತಪ್ಪು ನನ್ನದು. ಉಪಗ್ರಹದ ಚಿತ್ರ ನೋಡಿ ಕಾಡಿನ ಮೇಲ್ಚಾವಣಿಯ ಎತ್ತರ, ದಟ್ಟಣೆ ಹೇಳುವಂತೆ ಕಂಪ್ಯೂಟರಿಗೆ ಕಲಿಸಿದವಳು ನಾನು. ಕಲಿಸಿದ್ದು ರಸ್ತೆಬದಿಯ ಸ್ಪ್ರೂಸ್ ಮರಗಳ ನೆಡುತೋಪುಗಳನ್ನು ತೋರಿಸಿ. ಅಲ್ಲಿ ಎಲ್ಲ ಮರಕ್ಕೂ ಒಂದೇ ವಯಸ್ಸು, ಒಂದೇ ಎತ್ತರ. ಸಮತಟ್ಟಾದ ಚಾವಣಿಯೇ ಆರೋಗ್ಯ ಎಂದು ಅದು ಕಲಿತುಕೊಂಡಿತು. ನಿನ್ನ ಮುನ್ನೂರು ವರ್ಷದ ಕಾಡಿನಲ್ಲಿ ಮುದಿ ಮರ ಬಿದ್ದಲ್ಲಿ ತೆರಪು, ತೆರಪಿನಲ್ಲಿ ಎಳೆ ಸಸಿ, ಪಕ್ಕದಲ್ಲೇ ದೈತ್ಯ ಮರ. ಅದನ್ನು ಕಂಪ್ಯೂಟರು 'ಹಾನಿಗೊಂಡ ಕಾಡು' ಎಂದಿತು. ಹಾನಿಗೊಂಡದ್ದನ್ನು ಕಡಿದು ತೆಗೆಯಿರಿ ಎಂದು ನಮ್ಮ ಅರಣ್ಯ ಇಲಾಖೆಯ ಕಚೇರಿಯವರು ಆದೇಶ ಬರೆದರು.

ಎರಡು ಬೇಸಿಗೆ ಹಗ್ಗ ಹಿಡಿದು ಆ ಕಾಡನ್ನು ಅಳೆದು ನೀನು ಕಳಿಸಿದ ಹದಿನೆಂಟು ಹಾಳೆ ನನ್ನ ಹತ್ತಿರವೇ ಇದ್ದವು. "ಸಾಂದಾ, ತೂತು ಇದ್ರೇನೇ ಅದು ಕಾಡು ಕಣೇ. ಇಲ್ದಿದ್ರೆ ಜೋಳದ ಹೊಲ" ಎಂದು ಅಂಚಿನಲ್ಲಿ ನೀನು ಗೀಚಿದ್ದೆ. ಅವನ್ನು ಸೇರಿಸಿದರೆ ನನ್ನ ನಕ್ಷೆಯ ನಿಖರತೆ ನೂರಕ್ಕೆ ತೊಂಬತ್ತಮೂರರಿಂದ ಎಂಬತ್ತಕ್ಕೆ ಇಳಿಯುತ್ತಿತ್ತು. 'ಹೊಂದದ ಅಳತೆಗಳು' ಎಂದು ಹೆಸರಿಟ್ಟು ಬದಿಗೆ ಸರಿಸಿದೆ. ನಿನ್ನ ಮೇಲಿನ ಹಳೆಯ ಮುನಿಸೂ ಅದರಲ್ಲಿತ್ತು, ಸುಳ್ಳೇಕೆ ಹೇಳಲಿ. ಮೇಲಿನವರು ಹೊಗಳಿದರು, ನಾನು ಉಬ್ಬಿಹೋದೆ.

ಪಶ್ಚಿಮದ ಇಳಿಜಾರು ಹೋಯಿತು. ಕಳೆದ ವಾರದ ಉಪಗ್ರಹ ಚಿತ್ರದಲ್ಲಿ ಅದು ಬೋಳಾಗಿದ್ದುದನ್ನು ಕಂಡು ಕಚೇರಿಯಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ. ಉತ್ತರದ್ದನ್ನಾದರೂ ಉಳಿಸಬಹುದು. ನಿನ್ನ ಹಾಳೆಗಳನ್ನೆಲ್ಲ ಸೇರಿಸಿ ಹೊಸ ನಕ್ಷೆ ಮಾಡಿದ್ದೇನೆ. ಅದರಲ್ಲಿ ನಿನ್ನ ಕಾಡು ಇದ್ದ ಹಾಗೇ ಕಾಣುತ್ತದೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಒಂದು ಕಾಲಕ್ಕೆ ನಿನ್ನವಳಾಗಿದ್ದ,
ಸಾಂದಾ

ತಾ.ಕ.: ಹೊಸ ನಕ್ಷೆಯನ್ನು ಕಚೇರಿಗೆ ಇನ್ನೂ ಕಳಿಸಿಲ್ಲ. ಕಳಿಸಬೇಕಾದರೆ, ನಿನ್ನ ಅಳತೆಗಳನ್ನು ಬೇಕೆಂದೇ ಬಿಟ್ಟೆ ಎಂದು ಬರೆದು ಸಹಿ ಹಾಕಬೇಕು, ಆಮೇಲೆ ನನ್ನ ಕೆಲಸ ಉಳಿಯುವುದಿಲ್ಲ. ಕಡಿತ ಸೋಮವಾರ ಶುರುವಾಗುತ್ತದೆಂದು ಗೊತ್ತು. ಬೆಳಿಗ್ಗೆ ಕಚೇರಿಗೆ ಆ ಪತ್ರ ಬರೆಯಲೆಂದೇ ಕುಳಿತೆ. ಬರೆದದ್ದು ಇದನ್ನು.