ಅತನೂರಿನ ಅಂಕ

ಅತನೂರ, ಅಫಜಲಪುರ ತಾಲ್ಲೂಕು

ಮಾನ್ಯ ಅನೀಲಕುಮಾರ ಸರ್ ಅವರಿಗೆ ನಮಸ್ಕಾರಗಳು.

ಓದು, ಕಂಪ್ಯೂಟರ್ ತಿಳಿವಳಿಕೆಯ ಮೇಲೆ ನಡೆಯುವ ಜ್ಞಾನ ಆರ್ಥಿಕತೆಗೆ ಯಾವ ಊರು, ಯಾವ ಓಣಿ ಎಷ್ಟು ಸಿದ್ಧವಾಗಿದೆ ಎಂದು ಅಳೆಯುವ ನಮ್ಮ ಸಮೀಕ್ಷೆಯಲ್ಲಿ ನಮ್ಮ ಓಣಿಗೆ ಪೂರ್ತಿ ಅಂಕ ಬಂದದ್ದು ಹೇಗೆಂದು ಕೇಳಿದ್ದಿರಿ. ಮನೆಮನೆಗೆ ಹೋಗಿ ವಿಚಾರಿಸಿದೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ಯಾರೆಂಬ ಪ್ರಶ್ನೆಗೆ ಎಲ್ಲರೂ ನನ್ನ ಹೆಸರನ್ನೇ ಹೇಳಿದ್ದಾರೆ.

“ನೀ ನಮ್ಮ ಮನಿ ಮಗಳು ಅಲ್ಲೇನ್ ಬೇ? ಮತ್ತ್ಯಾರ ಹೆಸರು ಹೇಳ್ಲಿ?” ಎಂದಳು ಪಕ್ಕದ ಮನೆಯ ಚಂದಮ್ಮಾಯಿ.

ಈ ಅಂಕ ನೋಡಿ, ಇಲ್ಲಿ ಮನೆಗೊಬ್ಬರು ಕಂಪ್ಯೂಟರ್ ಬಲ್ಲವರಿದ್ದಾರೆಂದುಕೊಂಡೇ, ನಮಗೆ ಬರಬೇಕಿದ್ದ ಕಂಪ್ಯೂಟರ್ ಕಲಿಕಾ ಕೇಂದ್ರ ಬೇರೆ ಊರಿಗೆ ಹೋಗಿದೆ. ದಯವಿಟ್ಟು ತಿದ್ದಿಸಿ. ತಿದ್ದಲು ಪ್ರತಿ ಮನೆಯ ಒಪ್ಪಿಗೆ ಬೇಕಂತೆ. ಅದಕ್ಕೆ ಮಾತ್ರ ಬೇರೆ ಯಾರನ್ನಾದರೂ ಕಳಿಸಿ, ಸರ್. ನಾನು ಅವರ ಮನೆಯವಳಲ್ಲ ಎಂದು ಬರೆದ ಕಾಗದಕ್ಕೆ ಚಂದಮ್ಮಾಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನಿಂದಾಗದು.

ನಿಮ್ಮ ವಿದ್ಯಾರ್ಥಿನಿ,
ಪಂಚಶೀಲಾ