ಗಿರಣಿ ಪುಸ್ತಕಕ್ಕೆ ಬಾರದ ಹಿಟ್ಟು

ಸಂಪಗಾಂವ
೧೨-೧೧-೧೯೭೬

ಗೆಳತಿ ಕಮಲಾಗೆ ಇಂದಿರೆಯ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆಯಲು ಹೋದರೆ ಕೈ ಮುಂದೆ ಸಾಗುತ್ತಿಲ್ಲ. ನಿನ್ನ ಮಗ ಬಾಳಕೃಷ್ಣನಿಗೆ ಬೇರೆ ಹುಡುಗಿ ನೋಡುತ್ತಿದ್ದರೆ ಸ್ವಲ್ಪ ತಾಳೇ ನಮ್ಮವ್ವಾ, ಮೊದಲು ಇದನ್ನು ಓದು.

ನಮ್ಮ ಮನೆಯವರು ಹಿಟ್ಟಿನ ಗಿರಣಿಯ ಹಳೆಯ ಎಣ್ಣೆ ಎಂಜಿನ್ ತೆಗೆದು ಕರೆಂಟಿನ ಮೋಟರ್ ಕೂಡಿಸಿದ್ದು ನಿನಗೆ ಗೊತ್ತು. ಕರೆಂಟು ಬಂತೆಂದರೆ ಊರಿಗೆ ಊರೇ ಬುಟ್ಟಿ ಹೊತ್ತು ಬರುತ್ತಿತ್ತು, ಜಗಳವೋ ಜಗಳ! ಅದಕ್ಕೇ ನಾನೊಂದು ಪುಸ್ತಕ ಮಾಡಿದೆ. ಯಾವ ಮನೆಯವರು ಯಾವ ದಿನ ಬಂದರು, ಜೋಳವೋ ಗೋದಿಯೋ, ಎಷ್ಟು ಸೇರು. ಎರಡು ತಿಂಗಳಲ್ಲಿ ಯಾರಿಗೆ ಯಾವ ವಾರ ಬರಲು ಹೇಳಬೇಕೆಂದು ತಿಳಿದುಹೋಯಿತು, ಪಾಳಿಯ ಜಗಳ ನಿಂತಿತು. ಇವರೂ "ಅಗದೀ ಶಾಣ್ಯಾಕಿ ಇದ್ದೀ ಬಿಡು" ಎಂದರು. ಆಗಲೇ ನನ್ನ ತಲೆ ತಿರುಗಿತೋ ಏನೋ.

ಪಾಂಡುರಂಗರಾಯರ ಮನೆತನ ಹೇಗಿದೆ, ಅವರ ಶಾಂತಾಳನ್ನು ಸೊಸೆ ಮಾಡಿಕೊಳ್ಳಬಹುದೇ ಎಂದು ನವರಾತ್ರಿಯಲ್ಲಿ ನೀನು ಬರೆದು ಕೇಳಿದೆ. ನಾಲ್ಕು ಮನೆ ಆಚೆ ಇರುವವರು, ಹೋಗಿ ಕುಳಿತು ಬಂದಿದ್ದರೆ ಆಗುತ್ತಿತ್ತು. ನಾನು ಪುಸ್ತಕ ತೆಗೆದೆ. ಜ್ಯೇಷ್ಠದವರೆಗೆ ತಿಂಗಳಿಗೆ ಮೂವತ್ತು ಸೇರು, ಆಷಾಢದಿಂದ ಹತ್ತೇ. ಉಣ್ಣುವವರು ಮೊದಲಿನಷ್ಟೇ ಮಂದಿ. ಮನೆಯ ಸ್ಥಿತಿ ಇಳಿದಿದೆ, ಬಡತನ ಮುಚ್ಚಿಡುತ್ತಿದ್ದಾರೆ ಎಂದು ನಿನಗೆ ಬರೆದೆ. ಜಾತಕ ಕೂಡಲಿಲ್ಲವೆಂದು ನೀನು ಅವರಿಗೆ ನೆಪ ಹೇಳಿ ಕಳಿಸಿದೆ.

ಮೊನ್ನೆ ಆ ಮನೆಯಿಂದ ಮತ್ತೆ ತುಂಬಿದ ಬುಟ್ಟಿ ಬಂತು. ಬೀಗರು ಬಂದಿದ್ದಾರೇನು ಎಂದು ಶಾಂತಾಳ ತಾಯಿಯನ್ನು ಕೇಳಿದೆ. ಅವರು ನಕ್ಕು, "ಚಾತುರ್ಮಾಸ ಮುಗೀತಲ್ಲರಿ. ನಮ್ಮ ಅತ್ತಿಯವರು ವ್ರತ ಅಂತ ನಾಕು ತಿಂಗಳು ಮನಿಯೊಳಗ ಗಿರಣಿ ಹಿಟ್ಟು ಬ್ಯಾಡ ಅಂದಿದ್ರು. ಹೊಲದ ಆಳುಗಳಿಗಷ್ಟ ನಿಮ್ಮಲ್ಲೆ ಹಾಕಸ್ತಿದ್ವಿ. ಮನಿಮಂದೀದೆಲ್ಲಾ ಶಾಂತಾನ ನಸಿಕಿನ್ಯಾಗ ಎದ್ದು ಬೀಸುಕಲ್ಲಿನ್ಯಾಗ ಬೀಸಿದ್ಲು" ಎಂದರು. ನಾನು ಬಡತನ ಎಂದು ಓದಿದ್ದು ಆ ಹುಡುಗಿಯ ದುಡಿಮೆ! ನಾನೂ ಇಂಥ ಮಡಿ-ವ್ರತದ ಮನೆಯಲ್ಲೇ ಬೆಳೆದವಳು, ಅದು ನೆನಪಾಗಬಾರದಿತ್ತೇನೇ?

ಈಗ ಏನು ಮಾಡಲಿ, ಒಂದೂ ತಿಳಿಯುತ್ತಿಲ್ಲ. ಪುಸ್ತಕ ಒಲೆಗೆ ಹಾಕಲೇ ಎಂದರೆ ನಾಳೆಯೇ ಪಾಳಿಯ ಜಗಳ ಶುರು. ಇಟ್ಟುಕೊಂಡರೆ ಮತ್ತೆ ಯಾರ ಮನೆ ಅಳೆಯುತ್ತೇನೋ ಎಂದು ನನಗೇ ಅಂಜಿಕೆ. ಪುಸ್ತಕದಲ್ಲಿ ಸುಳ್ಳಿಲ್ಲ, ನಾನೂ ಬೇಕೆಂದು ಕೆಡಿಸಲಿಲ್ಲ, ಆದರೂ ಅವಳ ಸಂಬಂಧ ತಪ್ಪಿತು. ಜಾತಕ ಇನ್ನೊಮ್ಮೆ ತೋರಿಸಿದೆವು, ಕೂಡಿಬಂತು ಎಂದು ಹೇಳಿ ಕಳಿಸು. ನಿನ್ನ ಕಾಲು ಹಿಡಿಯುತ್ತೇನೆ. ನನ್ನ ಹೆಸರು ಮಾತ್ರ ಎತ್ತಬೇಡ.

ನಿನ್ನ
ಇಂದಿರಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಶಾಂತಾ ಹಿಟ್ಟು ಒಯ್ಯಲು ಬಂದಳು. ಮುಖ ನೋಡಿ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಎತ್ತಿಕೊಂಡಿದ್ದ ಹಿಟ್ಟಿನ ಬುಟ್ಟಿ ಕೆಳಗಿಟ್ಟಳು. ಆಮೇಲೆ, "ಕಾಕು, ಹಿಟ್ಟು ಕಡಿಮಿ ಆತಂತ ಬ್ಯಾಡಂದವರು ನಾಳೆ ನಾ ಉಣ್ಣೂ ಭಕ್ಕರಿ ಎಣಸೂದಿಲ್ಲೇನ್ರಿ? ಅವರಾಗೇ ಬಂದ್ರೂ ನಾ ಒಲ್ಲೆ. ಪತ್ರ ಹಾಕಬ್ಯಾಡ್ರಿ" ಎಂದಳು. ಆದರೂ ಹಾಕುತ್ತಿದ್ದೇನೆ, ಕಮಲಾ. ಈ ಸಲ ಬೇಡ ಎಂದವಳು ಅವಳು, ಅದು ನಿನಗೆ ಗೊತ್ತಿರಲಿ.